ಸೊಂಟ ಬಿದ್ದರೂ ಕೈ ಸೋಲಲಿಲ್ಲ

ಜತ್ತ, ಅಕ್ಕಲಕೋಟ ಕಡೆಯ ನಮ್ಮ ಊರುಗಳಲ್ಲಿ ದುಡಿಯುವ ಆಳು ಒಂದೇ ದಿನದಲ್ಲಿ ಹಾಸಿಗೆ ಹಿಡಿಯುವುದು ಹೊಸ ಸಂಗತಿಯಲ್ಲ. ಟ್ರ್ಯಾಕ್ಟರ್ ಮಗುಚುತ್ತದೆ, ಬಾವಿ ಕಟ್ಟೆಯ ಮೇಲೆ ಕಾಲು ಜಾರುತ್ತದೆ, ಕಬ್ಬಿನ ಲೋಡಿನ ಮೇಲಿಂದ ಮನುಷ್ಯ ಉರುಳುತ್ತಾನೆ. ಬೆನ್ನುಹುರಿಗೆ ಪೆಟ್ಟು ಬಿತ್ತೆಂದರೆ ಸೊಂಟದ ಕೆಳಗೆ ಸ್ವಾಧೀನ ತಪ್ಪಬಹುದು. ಮಿರಜ, ಸೊಲ್ಲಾಪುರದ ದವಾಖಾನೆಗಳಿಗೆ ಅಲೆದು, ಎತ್ತು ಮಾರಿ, ಸಾಲ ತೆಗೆದು ಮನೆಗೆ ಕರೆತಂದ ಮೇಲೆ ಮಾತಾಡಿಸಲು ಬಂದವರೆಲ್ಲ ಹೇಳುವುದು ಒಂದೇ: 'ಧೈರ್ಯಾ ಬಿಡಬ್ಯಾಡ್ರಿ.' ಅವರು ಚಹಾ ಕುಡಿದು ಎದ್ದು ಹೋಗುತ್ತಾರೆ. ಮಲಗಿದವನ ಕಣ್ಣೆದುರು ಮಾತ್ರ ಅದೇ ಮಾಳಿಗೆ, ಅದೇ ಜಂತಿ. ಆ ಧೈರ್ಯ ಎಲ್ಲಿಂದ ತರಬೇಕು?

ಈ ಪ್ರಶ್ನೆಗೆ ಬದುಕಿನಿಂದಲೇ ಉತ್ತರ ಕೊಟ್ಟವರೊಬ್ಬರು ಜತ್ತ ಇರುವ ಸಾಂಗಲಿ ಜಿಲ್ಲೆಯವರೇ. ವಾಳವಾ ತಾಲ್ಲೂಕಿನ ಪೇಠ ಗ್ರಾಮದ ಮುರಳಿಕಾಂತ ಪೇಟಕರ. ಸೇನೆಗೆ ಸೇರಿ ಬಾಕ್ಸಿಂಗ್ ಆಡುತ್ತಿದ್ದ ಗಟ್ಟಿ ಆಳು. 1965ರ ಪಾಕಿಸ್ತಾನ ಯುದ್ಧದಲ್ಲಿ ಗುಂಡುಗಳು ತಗುಲಿ ಸೊಂಟದ ಕೆಳಗೆ ಶಕ್ತಿ ಹೋಯಿತು. ಬಾಕ್ಸಿಂಗ್ ಅಲ್ಲಿಗೆ ಮುಗಿಯಿತು.

ಮುಂಬಯಿಯ ನೌಕಾಪಡೆ ಆಸ್ಪತ್ರೆಯಲ್ಲಿ ಅವರನ್ನು ನೀರಿಗೆ ಇಳಿಸಿದರು. ಪದಕಕ್ಕಾಗಿ ಅಲ್ಲ, ಚಿಕಿತ್ಸೆಗಾಗಿ. ನೀರಿನಲ್ಲಿ ಕಾಲಿನ ಭಾರ ಇರುವುದಿಲ್ಲ, ಕೈ ಬೀಸಿದರೆ ಮೈ ಮುಂದೆ ಸಾಗುತ್ತದೆ. 1968ರಲ್ಲಿ ಟೆಲ್ ಅವೀವ್‌ನ ಅಂಗವಿಕಲರ ಒಲಿಂಪಿಕ್ಸ್‌ನಲ್ಲಿ ಟೇಬಲ್ ಟೆನಿಸ್ ಆಡಿದರು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿ 50 ಮೀಟರ್ ಈಜನ್ನು 37.33 ಸೆಕೆಂಡಿನಲ್ಲಿ ಮುಗಿಸಿ ಚಿನ್ನ ಗೆದ್ದರು. ಪ್ಯಾರಾಲಿಂಪಿಕ್ಸ್‌ನಲ್ಲಿ ಭಾರತಕ್ಕೆ ಬಂದ ಮೊದಲ ಚಿನ್ನ ಅದೇ.

ಗೆದ್ದ ಮೇಲೂ ದೇಶ ಅವರನ್ನು ಬಹುಕಾಲ ನೆನೆಯಲಿಲ್ಲ. ಪದ್ಮಶ್ರೀ ಬಂದದ್ದು 2018ರಲ್ಲಿ, ಅಂದರೆ 46 ವರ್ಷಗಳ ನಂತರ. ಜೀವಮಾನದ ಸಾಧನೆಗೆ ಅರ್ಜುನ ಪ್ರಶಸ್ತಿ ಕೈಸೇರಿದ್ದು 2025ರ ಜನವರಿಯಲ್ಲಿ. ಅಲ್ಲಿಯತನಕ ಅವರು ಹಾದಿ ಕಾಯುತ್ತ ಕುಳಿತಿರಲಿಲ್ಲ. ಪುಣೆಯ ಟೆಲ್ಕೊ ಕಾರ್ಖಾನೆಯಲ್ಲಿ ದುಡಿದು ಉಂಡರು.

ಇಂಥ ಆಟಗಳು ಹುಟ್ಟಿದ್ದೂ ಆಸ್ಪತ್ರೆಯ ವಾರ್ಡಿನಲ್ಲಿಯೇ. ಒಂದು ಕಾಲಕ್ಕೆ ಬೆನ್ನುಹುರಿ ಮುರಿದವರು ಹಾಸಿಗೆ ಹುಣ್ಣಿನಿಂದ, ಮೂತ್ರದ ಸೋಂಕಿನಿಂದ ಬೇಗನೆ ತೀರಿಕೊಳ್ಳುತ್ತಿದ್ದರು. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಡಾಕ್ಟರ್ ಲುಡ್ವಿಗ್ ಗುಟ್‌ಮನ್ ಇದಕ್ಕೆ ಒಪ್ಪಲಿಲ್ಲ. ಎರಡು ತಾಸಿಗೊಮ್ಮೆ ರೋಗಿಯ ಮಗ್ಗಲು ಬದಲಿಸಬೇಕೆಂದು ಕಟ್ಟುನಿಟ್ಟು ಮಾಡಿದರು. ಹುಣ್ಣು ನಿಂತ ಮೇಲೆ ಸುಮ್ಮನೆ ಮಲಗಿಸದೆ ಬಡಗಿ ಕೆಲಸ, ಗಡಿಯಾರ ರಿಪೇರಿ, ಬಿಲ್ಲುಗಾರಿಕೆಗೆ ಹಚ್ಚಿದರು. 1948ರಲ್ಲಿ ಅಲ್ಲಿ ನಡೆದ ಬಿಲ್ಲುಗಾರಿಕೆ ಸ್ಪರ್ಧೆಗೆ ಕುಳಿತವರು ಬರೀ 16 ಮಂದಿ. ಅದೇ ಬೆಳೆದು ಇಂದಿನ ಪ್ಯಾರಾಲಿಂಪಿಕ್ಸ್ ಆಯಿತು. ಮೊದಲು ಮೈಯ ಆರೈಕೆ, ಹಿಂದೆಯೇ ಕೈಗೆ ಕೆಲಸ. ಧೈರ್ಯ ಬಂದದ್ದು ಇವೆರಡರ ಬೆನ್ನಿಗೆ.

ನಮ್ಮ ಮನೆಗಳಲ್ಲಿ ಆಗಬೇಕಾದದ್ದೂ ಇಷ್ಟೇ. ಹಗಲು ರಾತ್ರಿ ಮಗ್ಗಲು ಬದಲಿಸಿ. ಸ್ಪರ್ಶ ಇಲ್ಲದ ಕಡೆ ಚರ್ಮ ಕೆಂಪಾಗಿದೆಯೇ ಎಂದು ದಿನಾ ನೋಡಿ. ಗಾಲಿಕುರ್ಚಿಯಲ್ಲಿ ಕೂತವರು ಆಗಾಗ ಕೈಯೂರಿ ಮೈ ಎತ್ತಬೇಕು. ಮಗ್ಗಲು ಬದಲಿಸುವ ತಾಯಿಗೆ, ಹೆಂಡತಿಗೂ ಒಂದು ರಾತ್ರಿ ನಿದ್ದೆ ಸಿಗುವಂತೆ ಉಳಿದವರು ಪಾಳಿ ಹಚ್ಚಿಕೊಳ್ಳಬೇಕು.

ಕಾಗದಪತ್ರದ ಕೆಲಸ ತಡ ಮಾಡಬೇಡಿ. ಅಂಗವಿಕಲರ ಯುಡಿಐಡಿ ಕಾರ್ಡು ದೇಶಕ್ಕೆಲ್ಲ ಒಂದೇ. ಸಾಂಗಲಿಯಲ್ಲಿ ಮಾಡಿಸಿದ್ದು ವಿಜಯಪುರದಲ್ಲೂ ನಡೆಯುತ್ತದೆ. ಆದರೆ ಪಿಂಚಣಿ ಆಯಾ ರಾಜ್ಯದ್ದು. ಅದಕ್ಕೆ ವಾಸವಿರುವ ಕಡೆಯೇ ಅರ್ಜಿ ಹಾಕಬೇಕು. ಮಹಾರಾಷ್ಟ್ರದ ರೈತರಿಗೆ ಗೋಪಿನಾಥ ಮುಂಡೆ ಹೆಸರಿನ ಅಪಘಾತ ನೆರವಿನ ಯೋಜನೆ ಇದೆ. ಯಾವ ಗಾಯಕ್ಕೆ ಎಷ್ಟು ಸಿಗುತ್ತದೆಂದು ತಾಲ್ಲೂಕು ಕೃಷಿ ಕಚೇರಿಯಲ್ಲಿ ಬೇಗನೆ ವಿಚಾರಿಸಿ.

ಎಲ್ಲರೂ ಪೇಟಕರ ಆಗುವುದಿಲ್ಲ, ಆಗಬೇಕಾಗಿಯೂ ಇಲ್ಲ. ಅಳು ಬಂದ ದಿನ ಅಳಲಿ, ಅದು ಸೋಲಲ್ಲ. ಆದರೆ ಊಟ ಬಿಟ್ಟು, ಸಾಯುವ ಮಾತು ಆಡತೊಡಗಿದರೆ ಒಬ್ಬರನ್ನೇ ಬಿಡಬೇಡಿ. ಡಾಕ್ಟರಿಗೆ ತಿಳಿಸಿ, ಇಲ್ಲವೇ ಸರ್ಕಾರದ ಟೆಲಿ ಮಾನಸ್‌ಗೆ 14416ಕ್ಕೆ ಫೋನು ಹಚ್ಚಿ. ಅದಕ್ಕೆ ದುಡ್ಡು ಬೀಳುವುದಿಲ್ಲ.

ಕಾಲು ಹೋದವನಿಗೆ ಲೆಕ್ಕ ಹೋಗಿರುವುದಿಲ್ಲ. ಹೊಲದ ತಿಳಿವಳಿಕೆ, ಮಾರುಕಟ್ಟೆಯ ಗುರುತು, ನಾಲಿಗೆಯ ಮೇಲಿನ ಎರಡು ಭಾಷೆ, ಯಾವುದೂ ಹೋಗಿರುವುದಿಲ್ಲ. ಅಡತಿಯ ಖಾತೆ ಅವನ ಕೈಗೆ ಕೊಡಿ. ಶೇಂಗಾ ಬೀಜ ಅವನು ಆರಿಸಲಿ, ದಾಳಿಂಬೆಯ ರೇಟು ಅವನೇ ಫೋನಿನಲ್ಲಿ ಮರಾಠಿಯಲ್ಲಿ ಕೇಳಲಿ. 'ಪಾಪ, ಮಲಗಲಿ ಬಿಡ್ರಿ' ಎನ್ನುವ ಕನಿಕರ ಅವನನ್ನು ಇನ್ನಷ್ಟು ಕೆಳಗೆ ತಳ್ಳುತ್ತದೆ. ಮಗ ಹಾಸಿಗೆಯ ಬದಿಗೆ ಕೂತು 'ಅಪ್ಪಾ, ಈ ಸಲ ಮಣೂಕ ಯಾರಿಗಿ ಕೊಡೂಣು?' ಎಂದು ಕೇಳಿದರೆ, ಆ ಮನೆಯಲ್ಲಿ ಯಜಮಾನ ಇನ್ನೂ ಇದ್ದಾನೆ ಎಂದು ಅರ್ಥ. ಧೈರ್ಯ ಹುಟ್ಟುವುದು ಅಲ್ಲಿಂದ.