ಬಿಡುವಿನ ಪೀರಿಯಡ್ ಯಾರದು?

ರಜೆಯಲ್ಲಿರುವ ಅಧ್ಯಾಪಕರ ತರಗತಿಗೆ ಇಂದು ಯಾರನ್ನು ಕಳುಹಿಸುವುದು? ಪ್ರಾರ್ಥನೆಯ ಗಂಟೆಗೆ ಮುನ್ನವೇ ಹಳ್ಳಿಯ ಮುಖ್ಯೋಪಾಧ್ಯಾಯನನ್ನು ಕಾಡುವ ಪ್ರಶ್ನೆಯಿದು. ಈ ಹೊಣೆ ಹೊತ್ತ ಹೊಸತರಲ್ಲಿ ನಾನು ನಗುಮೊಗದವರನ್ನೇ ಕೇಳುತ್ತಿದ್ದೆ; ಮುಖ ಗಂಟಿಕ್ಕಿದವರ ಗೊಡವೆಗೆ ಹೋಗುತ್ತಿರಲಿಲ್ಲ.

ಉಲ್ಲಾಸವು ಮನುಷ್ಯನನ್ನು ಉದಾರಿಯನ್ನಾಗಿಸುತ್ತದೆಂಬ ಮಾತಿಗೆ ಆಧಾರವಿಲ್ಲದಿಲ್ಲ. ಅಮೆರಿಕದ ಆಲಿಸ್ ಐಸೆನ್ ಮತ್ತು ಪೌಲಾ ಲೆವಿನ್ 1972ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧವಾದುದು. ಸಾರ್ವಜನಿಕ ದೂರವಾಣಿಯಲ್ಲಿ ಅನಿರೀಕ್ಷಿತವಾಗಿ ಚಿಲ್ಲರೆ ನಾಣ್ಯವೊಂದು ದೊರೆತ 16 ಮಂದಿಯಲ್ಲಿ 14 ಮಂದಿ, ಎದುರಿಗೆ ಒಬ್ಬಾಕೆ ಬೀಳಿಸಿದ ಕಾಗದಗಳನ್ನು ಹೆಕ್ಕಿಕೊಟ್ಟರು. ನಾಣ್ಯ ಸಿಗದ 25 ಮಂದಿಯಲ್ಲಿ ನೆರವಾದವರು ಒಬ್ಬರೇ! ಆದರೆ ಇತರರು ಮತ್ತೆ ಪರೀಕ್ಷಿಸಿದಾಗ ಈ ಫಲ ಎಲ್ಲೆಡೆಯೂ ದೊರೆಯಲಿಲ್ಲ. ಅಲ್ಲದೆ, ಆ ನಾಣ್ಯದ ಸಂತೋಷ ಎಷ್ಟು ಹೊತ್ತಿನದು?

ನಿತ್ಯವೂ ಒಟ್ಟಿಗೆ ದುಡಿಯುವಲ್ಲಿ ಸಂಗತಿ ಬೇರೆ. 1989ರಲ್ಲಿ ಡೆನ್ನಿಸ್ ಆರ್ಗನ್ ಮತ್ತು ಮೇರಿ ಕೊನೊವ್ಸ್ಕಿ ಎರಡು ಆಸ್ಪತ್ರೆಗಳ ನೌಕರರ ಅಧ್ಯಯನವನ್ನು ಪ್ರಕಟಿಸಿದರು. ವಿಧಿಸದ ಕೆಲಸಕ್ಕೂ ಹೆಗಲು ಕೊಡುವ ಗುಣವು ಅಂದಂದಿನ ಮನಃಸ್ಥಿತಿಗಿಂತ, ವೇತನ ಮತ್ತು ಕೆಲಸಗಳು ನ್ಯಾಯವಾಗಿವೆಯೇ ಎಂಬ ಅವರ ಎಣಿಕೆಯೊಡನೆಯೇ ಹೆಚ್ಚು ಹೊಂದಿಕೊಂಡಿತ್ತು.

ನನಗೆ ಇದನ್ನು ಕಲಿಸಿದವರು ಕಿರಿಯ ಸಹೋದ್ಯೋಗಿಯೊಬ್ಬರು. ಎಂದೂ ಇಲ್ಲವೆನ್ನದ ಅವರು ಒಂದು ದಿನ, “ಮಾಸ್ಟ್ರೇ, ಈ ವಾರ ಇದು ನಾಲ್ಕನೆಯದು” ಎಂದರು. ಮೊಗದಲ್ಲಿ ನಗೆಯಿರಲಿಲ್ಲ. ತಪ್ಪು ನನ್ನದೇ. ಮರುದಿನ ಅಧ್ಯಾಪಕರ ಕೊಠಡಿಯ ಗೋಡೆಗೆ ಪಟ್ಟಿಯೊಂದನ್ನು ತೂಗಹಾಕಿದೆ: ಯಾರು, ಎಂದು, ಯಾರ ತರಗತಿಗೆ ಹೋದರೆಂದು ಎಲ್ಲರಿಗೂ ಕಾಣುವಂತೆ. ನನ್ನ ಹೆಸರೂ ಅದರಲ್ಲಿತ್ತು. ತಿಂಗಳು ಕಳೆಯುವಷ್ಟರಲ್ಲಿ ಆ ಗಂಟುಮೊಗದವರಲ್ಲೊಬ್ಬರು ಪಟ್ಟಿಯ ಮೇಲೆ ಕಣ್ಣಾಡಿಸಿ, ನಾನು ಕೇಳುವ ಮೊದಲೇ ಸೀಮೆಸುಣ್ಣ ಹಿಡಿದು ಐದನೆಯ ತರಗತಿಯತ್ತ ನಡೆದರು.