ಅಂಗಳದ ಕಾಂಗ್ರೆಸ್ ಗಿಡ: ಹೂ ಬಿಡುವ ಮುನ್ನ ಕೀಳಿ

ಬೇಸಿಗೆಯಲ್ಲಿ ಬಾಯ್ಬಿರಿದು ಮಲಗಿದ್ದ ಕರಿನೆಲ ಜೂನ್ ತಿಂಗಳ ಒಂದೆರಡು ಮಳೆಗೆ ಮೆತ್ತಗಾಗುತ್ತದೆ. ಭೀಮಾ ದಂಡೆಯ ಸನ್ನತಿಯಿರಲಿ, ಚಿತ್ತಾಪುರ, ವಾಡಿ, ಸೇಡಂಗಳಿರಲಿ, ಶಾಲೆಗಳು ಆರಂಭವಾಗುವ ಹೊತ್ತಿಗೆ ಮನೆಯಂಗಳದಲ್ಲಿ, ಶಹಾಬಾದ್ ಹಾಸುಗಲ್ಲುಗಳ ಸಂದಿನಲ್ಲಿ ನೆಲಕ್ಕೆ ಅಂಟಿದಂತೆ ಎಲೆ ಹರಡಿದ ಸಸಿಗಳು ಏಳುತ್ತವೆ. ನೋಡಲು ಥೇಟ್ ಗಜ್ಜರಿ ಎಲೆ. ಚೆಂಡು ಹೂವಿನ ಸಸಿಯೆಂದು ತಿಳಿದು ನೀರೆರೆಯುವ ಮಕ್ಕಳೂ ಉಂಟು! ಅದು ಪಾರ್ಥೇನಿಯಂ; ಜನರ ಬಾಯಲ್ಲಿ ಕಾಂಗ್ರೆಸ್ ಗಿಡ.

ಅಮೆರಿಕ ಖಂಡದ ಉಷ್ಣ ಪ್ರದೇಶ ಇದರ ತವರು. ಭಾರತದಲ್ಲಿ ಕಳೆಯಾಗಿ ಕಣ್ಣಿಗೆ ಬಿದ್ದದ್ದು 1955ರ ಸುಮಾರಿಗೆ, ಪುಣೆಯಲ್ಲಿ. ಆಮದು ಗೋಧಿಯೊಂದಿಗೆ ಬಂತೆಂಬ ಮಾತು ಪ್ರಚಲಿತ. ಬಿಳಿ ಹೂ ಗಾಂಧಿ ಟೋಪಿಯಂತೆ ಕಾಣುವುದರಿಂದ ಈ ಹೆಸರು ಬಂತೆನ್ನುವವರೂ ಇದ್ದಾರೆ. ಕರ್ನಾಟಕ ಸರ್ಕಾರ 1975ರಲ್ಲೇ ಇದನ್ನು ಹಾನಿಕಾರಕ ಕಳೆಯೆಂದು ಘೋಷಿಸಿತು. ಗಿಡಕ್ಕೆ ಮಾತ್ರ ಕಾಯಿದೆಯ ಭಾಷೆ ತಿಳಿಯಲಿಲ್ಲ.

ಮನೆಯವರು ಇದನ್ನು ಬರೀ ಕಸವೆಂದು ಕಡೆಗಣಿಸುವಂತಿಲ್ಲ. ಗಿಡದಲ್ಲಿರುವ ಪಾರ್ಥೇನಿನ್ ಎಂಬ ರಾಸಾಯನಿಕ ಪದೇ ಪದೇ ಚರ್ಮಕ್ಕೆ ತಗುಲಿದರೆ ಕೆಲವರಿಗೆ ತುರಿಕೆ, ಕೆಂಪು ದದ್ದು, ನೀರು ಸೋರುವ ಇಸುಬು ಶುರುವಾಗುತ್ತದೆ. ಪರಾಗದ ಧೂಳು ಸೀನು, ಉಬ್ಬಸಗಳನ್ನು ಕೆರಳಿಸುತ್ತದೆ. ಮೊದಲ ದಿನ ಏನೂ ಆಗಲಿಲ್ಲವೆಂದು ಧೈರ್ಯ ತಾಳುವುದು ತಪ್ಪು, ಅಲರ್ಜಿ ನಿಧಾನವಾಗಿ ಬೆಳೆಯುವಂಥದು. ಶ್ರಮದಾನದ ಹೆಸರಿನಲ್ಲಿ ಹುಡುಗರಿಂದ ಬರಿಗೈಯಲ್ಲಿ ಈ ಗಿಡ ಕೀಳಿಸುವ ಪರಿಪಾಠ ನಿಲ್ಲಲೇಬೇಕು. ಕೈಗವಸು, ತುಂಬುತೋಳಿನ ಅಂಗಿ, ಮೂಗಿಗೊಂದು ಬಟ್ಟೆ ಇರಲಿ. ದಮ್ಮು, ಇಸುಬು ಇರುವ ಮಕ್ಕಳನ್ನು ದೂರವಿಡಿ.

ಕೆಲಸದ ಗುಟ್ಟು ಇರುವುದು ಹೊತ್ತಿನಲ್ಲಿ. ಮೊಳೆತು ನಾಲ್ಕರಿಂದ ಎಂಟು ವಾರಗಳಲ್ಲಿ ಗಿಡ ಹೂ ಬಿಡುತ್ತದೆ. ಚೆನ್ನಾಗಿ ಬೆಳೆದ ಒಂದೇ ಗಿಡ 15,000ಕ್ಕೂ ಹೆಚ್ಚು ಬೀಜ ಉದುರಿಸಬಲ್ಲದು. ಬೀಜ ಎಷ್ಟು ಹಗುರವೆಂದರೆ ಗಾಳಿ, ನೀರು, ಚಪ್ಪಲಿಯ ಕೆಸರು ಯಾವುದಾದರೂ ಅದಕ್ಕೆ ವಾಹನವೇ. ಜಬಲ್ಪುರದ ಕಳೆ ಸಂಶೋಧನಾ ನಿರ್ದೇಶನಾಲಯ ಪ್ರತಿವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಸುತ್ತದೆ. ಒಳ್ಳೆಯದೇ. ಆದರೆ ಜೂನ್ ಮಳೆಗೆ ಹುಟ್ಟಿದ ಗಿಡ ಅಷ್ಟರಲ್ಲಿ ಬಿಳಿ ಹೂ ಹೊತ್ತು ನಿಂತಿರುತ್ತದೆ. ಅಂಗಳದ ಸಪ್ತಾಹ ಜೂನ್ ಕೊನೆಗೇ ನಡೆಯಬೇಕು.

ಮಳೆ ಬಿದ್ದ ಮಾರನೆಯ ದಿನ ಕರಿಮಣ್ಣು ಹದವಾಗಿರುವಾಗ ಬುಡ ಹಿಡಿದು ಎಳೆದರೆ ಬೇರು ಸಮೇತ ಬರುತ್ತದೆ. ಕುಡುಗೋಲಿನಿಂದ ಸವರಿದರೆ ಪ್ರಯೋಜನವಿಲ್ಲ, ಉಳಿದ ಬುಡ ಮತ್ತೆ ಚಿಗುರುತ್ತದೆ. ಹೂವಿಲ್ಲದ ಗಿಡವನ್ನು ತಿಪ್ಪೆಗೆ ಹಾಕಿ ಗೊಬ್ಬರ ಮಾಡಬಹುದು. ಹೂ ಬಂದದ್ದನ್ನು ತಿಪ್ಪೆಗೆ ಹಾಕಿದರೆ ಮುಂದಿನ ವರ್ಷ ಗೊಬ್ಬರದೊಂದಿಗೆ ಅದನ್ನೇ ಬಿತ್ತಿದಂತೆ!

ಪಾಳು ನೆಲದಲ್ಲಿ ಲೀಟರ್ ನೀರಿಗೆ 200 ಗ್ರಾಂ ಅಡುಗೆ ಉಪ್ಪು ಕರಗಿಸಿ ಸಿಂಪಡಿಸುವುದುಂಟು. ಕೈತೋಟಕ್ಕೆ ಅದು ಬೇಡ. ಕಳೆ ಸಾಯುವುದರ ಜೊತೆಗೆ ಮಣ್ಣೂ ಕೆಡುತ್ತದೆ.

ಎಲೆಗಳ ಮೇಲೆ ಕಂದು ಗೆರೆಯ ಪುಟ್ಟ ಜೀರುಂಡೆ ಕಂಡರೆ ಕೊಲ್ಲಬೇಡಿ. ಮೆಕ್ಸಿಕೊದಿಂದ ತಂದು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾದ ಕೀಟ ಅದು. ಮಳೆಗಾಲದಲ್ಲಿ ಪಾರ್ಥೇನಿಯಂ ಎಲೆಗಳನ್ನು ಮುಕ್ಕಿ, ಒಣ ದಿನಗಳಲ್ಲಿ ಮಣ್ಣಿನೊಳಗೆ ಮಲಗುತ್ತದೆ. 1990ರ ದಶಕದ ಆರಂಭದಲ್ಲಿ ಇದು ಸೂರ್ಯಕಾಂತಿಯ ಮೇಲೆ ಕಾಣಿಸಿಕೊಂಡು ಕರ್ನಾಟಕದ ರೈತರು ಹೌಹಾರಿದ್ದರು. ಸೂರ್ಯಕಾಂತಿ ಎಲೆಯ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ಅದನ್ನು ಸೆಳೆದಿತ್ತೆಂದು, ಬೆಳೆಗೆ ಅಪಾಯವಿಲ್ಲವೆಂದು ಮುಂದಿನ ಅಧ್ಯಯನಗಳು ಹೇಳಿದವು. ಆದರೂ ಮನೆಯಂಗಳಕ್ಕೆ ಕೀಟಕ್ಕಿಂತ ಕೈಯೇ ಭರವಸೆ.

ಉಳಿದ ಕಳೆಗಳ ಕಥೆ ಬೇರೆ. ಜೇಕಿನ ಗಡ್ಡೆ ನೆಲದೊಳಗೆ ಸರಪಳಿಯಂತಿರುವುದರಿಂದ ಕುರ್ಪಿಯಿಂದ ಕೆದಕಿ ತೆಗೆಯಬೇಕು. ಗರಿಕೆಯನ್ನು ಹೂವಿನ ಮಡಿಯಿಂದ ಅಟ್ಟಿದರೂ ಗಣೇಶ ಚವತಿಗೆಂದು ಮೂಲೆಯೊಂದನ್ನು ಬಿಟ್ಟುಕೊಡುವುದು ಜಾಣತನ.

ಕಿತ್ತ ಜಾಗವನ್ನು ಮಾತ್ರ ಬರಿದಾಗಿಡಬೇಡಿ. ಹೆಚ್ಚು ಅಗೆಯಲೂ ಬೇಡ, ಆಳದಲ್ಲಿ ಮಲಗಿದ ಹಳೆಯ ಬೀಜ ಮೇಲೆ ಬರುತ್ತದೆ. ಅಲ್ಲಿ ಒತ್ತಾಗಿ ಚೆಂಡು ಹೂ ಹಾಕಿ. ಬೇಲಿಯಾಚೆ ತಗಚೆ ತಾನಾಗಿ ಬೆಳೆದಿದ್ದರೆ ಇರಲಿ ಬಿಡಿ, ಅದೂ ಪಾರ್ಥೇನಿಯಂ ಅನ್ನು ಹಿಮ್ಮೆಟ್ಟಿಸುತ್ತದೆ. ಮುಂದಿನ ಮಳೆಗೆ ಮತ್ತೊಂದು ತಂಡ ಏಳುತ್ತದೆ. ಪ್ರತಿ ಭಾನುವಾರ ಬೆಳಿಗ್ಗೆ ಅರ್ಧ ಗಂಟೆ ಅಂಗಳ ಸುತ್ತಿದರೆ ಆ ಸಸಿಗಳು ಗೇಣುದ್ದ ಆಗುವ ಮೊದಲೇ ಕೈಗೆ ಸಿಗುತ್ತವೆ.