ಜಾಮಖೇಡದ ಗ್ರಾಮಾರೋಗ್ಯ ಕಾರ್ಯ ಮತ್ತು ಸ್ತ್ರೀಯರ ಸಂಪಾದನೆ

ಮಹಾರಾಷ್ಟ್ರದ ಅಹಮದನಗರ (ಈಗಿನ ಅಹಿಲ್ಯಾನಗರ) ಜಿಲ್ಲೆಯ ಜಾಮಖೇಡವು ಮೇಲಿಂದ ಮೇಲೆ ಬರಕ್ಕೆ ತುತ್ತಾಗುವ ಸೀಮೆ. ವೆಲ್ಲೂರಿನಲ್ಲಿ ವೈದ್ಯಶಿಕ್ಷಣ ಪಡೆದ ರಜನೀಕಾಂತ ಆರೋಳೆ ಮತ್ತು ಮೇಬಲ್ ಆರೋಳೆ ದಂಪತಿಗಳು 1970ರಲ್ಲಿ ಅಲ್ಲಿ ಸಮಗ್ರ ಗ್ರಾಮೀಣ ಆರೋಗ್ಯ ಯೋಜನೆಯನ್ನು ಆರಂಭಿಸಿದರು. ಶಿಶುಗಳನ್ನು ಬಲಿತೆಗೆದುಕೊಳ್ಳುತ್ತಿದ್ದ ಭೇದಿಗೂ ನ್ಯೂನಪೋಷಣೆಗೂ ಆಸ್ಪತ್ರೆಯೊಂದೇ ಪರಿಹಾರವಲ್ಲವೆಂದು ಕಂಡ ಅವರು, ಗ್ರಾಮಸ್ಥರೇ ಆರಿಸಿದ ಸ್ತ್ರೀಯರಿಗೆ ತರಬೇತಿಯನ್ನಿತ್ತರು. ಇವರಲ್ಲಿ ಅನೇಕರು ದಲಿತರು, ಬಹುಮಂದಿ ಅಕ್ಷರವರಿಯದವರು. ಹೆರಿಗೆ ಮಾಡಿಸುವುದು, ಭೇದಿಯಾದ ಮಗುವಿಗೆ ಉಪ್ಪು-ಸಕ್ಕರೆ ಬೆರೆಸಿದ ನೀರು ಕುಡಿಸುವುದು, ಕುಷ್ಠದ ಮಚ್ಚೆಯನ್ನು ಗುರುತಿಸುವುದು ಮೊದಲಾದುವನ್ನು ಇವರು ಕಲಿತರು.

ಆದರೆ ತಿಳಿವಳಿಕೆಯೊಂದರಿಂದಲೇ ಆರೋಗ್ಯವುಂಟಾಗದು. ಮಗುವಿಗೆ ಹಾಲು ಕೊಳ್ಳಲು ತಾಯಿಯ ಕೈಯಲ್ಲಿ ಕಾಸಿರಬೇಕು. ಅದನ್ನು ವೆಚ್ಚಮಾಡುವ ಅಧಿಕಾರವೂ ಇರಬೇಕು. ಆದುದರಿಂದ ಮಹಿಳಾ ಮಂಡಲಗಳು ಹುಟ್ಟಿದುವು. ಉಳಿತಾಯ, ಸಾಲ, ಸಣ್ಣ ವ್ಯಾಪಾರಗಳೂ ಆರೋಗ್ಯಕಾರ್ಯದ ಅಂಗಗಳಾದುವು.

1979ರಲ್ಲಿ ಆರೋಳೆ ದಂಪತಿಗಳಿಗೆ ಮ್ಯಾಗ್ಸೇಸೆ ಪ್ರಶಸ್ತಿ ಸಂದಿತು. ಲಿಖಿತ ದಾಖಲೆಯನ್ನೇ ನೆಚ್ಚುವ ಇತಿಹಾಸಾಭ್ಯಾಸಿಗಳಾದ ನಮಗೆ ಅವರ ಹೆಸರು ಬೇಗನೆ ಕಣ್ಣಿಗೆ ಬೀಳುತ್ತದೆ. ಮನೆಮನೆ ತಿರುಗಿದ ಆ ಸ್ತ್ರೀಯರಾದರೋ ಬರೆದಿಟ್ಟುದು ಅತ್ಯಲ್ಪ. ಅವರ ಬಾಯಿಂದಲೇ ಕೇಳಿ ನಾವು ಬರೆದುಕೊಳ್ಳದಿದ್ದರೆ ಈ ಚರಿತ್ರೆಯ ಅರ್ಧಭಾಗವು ಅವರೊಡನೆಯೇ ಅಳಿದುಹೋದೀತು.